ಬೆಳಗಾವಿಯ ಓಟಗಾರನೂ ಇದ್ದ ಆ ಮೊದಲ ತಂಡ

ನೂರು ಗಜದ ಓಟವನ್ನು ಯಾರಾದರೂ ತಿರುವಿನಲ್ಲಿ ಓಡಿಸುತ್ತಾರೆಯೇ? ಪುಣೆಯ ಡೆಕ್ಕನ್ ಜಿಮ್ಖಾನಾದ ಸಂಘಟಕರು 1919ರಲ್ಲಿ ಹಾಗೆಯೇ ಓಡಿಸಲು ಹೊರಟಿದ್ದರು. ಅದರಲ್ಲಿ ಅವರ ತಪ್ಪೇನಿರಲಿಲ್ಲ. ಇದ್ದ ಜಾಗವೇ ಚಿಕ್ಕದು. ರೋಲರ್ ಕಾಣದ, ಉಬ್ಬುತಗ್ಗಿನ ಹುಲ್ಲುನೆಲ. ಓಟಗಾರರು ಒಬ್ಬರಿಗೊಬ್ಬರು ಅಡ್ಡ ಬಾರದಂತೆ ನಡುವೆ ದಾರ ಕಟ್ಟಬೇಕೆಂಬ ರೂಢಿಯೂ ಅಲ್ಲಿರಲಿಲ್ಲ. ಓಡಲು ಬಂದವರೆಲ್ಲ ಹೊಲದಲ್ಲಿ ದುಡಿಯುವ ಮನೆಗಳ ಹುಡುಗರು. ಬರಿಗಾಲು, ಬಡ ಊಟ. ಓಟವೆಂದರೆ ಓಡುವುದು, ಅಷ್ಟೇ. ಅದಕ್ಕೂ ಒಂದು ಕ್ರಮ, ಒಂದು ತರಬೇತಿ ಇದೆಯೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇದನ್ನೆಲ್ಲ ನೋಡುತ್ತಿದ್ದವರು ಜಿಮ್ಖಾನಾಕ್ಕೆ ಆಗಷ್ಟೇ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ. ಜಮ್‌ಶೆಟ್‌ಜಿಯವರ ಹಿರಿಯ ಮಗ. ಬೆಂಗಳೂರಿನ ಹಳಬರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಕರೆಯುವ ವಿಜ್ಞಾನ ಸಂಸ್ಥೆಯನ್ನು, ತಂದೆ ತೀರಿಕೊಂಡ ಮೇಲೆ ಹಟ ಹಿಡಿದು ನೆಲೆಗೊಳಿಸಿದವರಲ್ಲಿ ಮುಖ್ಯರು. ಕೇಂಬ್ರಿಜ್‌ನಲ್ಲಿ ಓದುವಾಗ ಕ್ರಿಕೆಟ್, ಫುಟ್‌ಬಾಲ್ ಆಡಿ ಬೆಳೆದ ಅವರಿಗೆ ಆಟದ ಮೈದಾನವೆಂದರೆ ಜೀವ. ಮುಂಬಯಿಯ ಶಾಲೆಗಳಲ್ಲಿ ಕ್ರೀಡಾಕೂಟಗಳು ಬೇರೂರಲು ಅವರ ಓಡಾಟವೂ ಕಾರಣ.

ಅಂಥವರು ಆ ಮೈದಾನದಲ್ಲಿ ಕೊರತೆಗಳನ್ನು ಕಂಡರು, ಜತೆಗೆ ಗಡಿಯಾರವನ್ನೂ ನೋಡಿದರು. ದೂರದ ಓಟಗಳಲ್ಲಿ ಈ ಹುಡುಗರು ತೆಗೆದುಕೊಂಡ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ಹತ್ತಿರವೇ ಇತ್ತು. ಶೂ ಇಲ್ಲ, ತರಬೇತುದಾರನಿಲ್ಲ, ಹದವಾದ ಟ್ರ್ಯಾಕ್ ಇಲ್ಲ. ಆದರೂ ಅಷ್ಟು ಹತ್ತಿರ. ಹತ್ತು ವರ್ಷಗಳ ಬಳಿಕ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಬಾಯೆ ಲಾತೂರ್ ಅವರಿಗೆ ಬರೆದ ಪತ್ರದಲ್ಲಿ ದೊರಾಬ್ಜಿ ಈ ದೃಶ್ಯವನ್ನು ವಿವರವಾಗಿ ನೆನೆದಿದ್ದಾರೆ. ತಿರುವಿನಲ್ಲಿ ಓಡಿಸಲು ಹೊರಟ ನೂರು ಗಜದ ಕಥೆ ನಮಗೆ ಸಿಗುವುದು ಆ ಪತ್ರದಿಂದಲೇ. ಭಾರತದ ಒಲಿಂಪಿಕ್ ಕಥೆ ಎಲ್ಲಿಂದ ಶುರುವಾಯಿತೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಹುಲ್ಲುನೆಲವನ್ನು.

ಅದಕ್ಕೂ ಮೊದಲು, 1900ರಲ್ಲಿ, ಕಲ್ಕತ್ತದ ನಾರ್ಮನ್ ಪ್ರಿಚರ್ಡ್ ಪ್ಯಾರಿಸ್‌ನಲ್ಲಿ 200 ಮೀಟರ್ ಓಟ ಮತ್ತು 200 ಮೀಟರ್ ಹರ್ಡಲ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಿದ್ದರು, ನಿಜ. ಆದರೆ ಅವರು ಹೋದದ್ದು ಒಬ್ಬರೇ. ಇಲ್ಲಿ ಕೂತು ಆರಿಸಿ, ಹಣ ಕೂಡಿಸಿ, ಹಡಗು ಹತ್ತಿಸಿ ಕಳಿಸಿದ ತಂಡ ಅಂತ ಆದದ್ದು 1920ರಲ್ಲಿ.

ಕಾಲವೂ ಕೂಡಿಬಂತು. ಮಹಾಯುದ್ಧದಿಂದಾಗಿ 1916ರ ಬರ್ಲಿನ್ ಕೂಟ ನಡೆಯಲೇ ಇಲ್ಲ. ಯುದ್ಧದಲ್ಲಿ ನುಚ್ಚುನೂರಾದ ಬೆಲ್ಜಿಯಂಗೆ ಗೌರವವಾಗಿ 1920ರ ಕೂಟವನ್ನು ಆಂಟ್ವರ್ಪ್ ನಗರಕ್ಕೆ ಕೊಟ್ಟರು. ಅದೇ ಬೆಲ್ಜಿಯಂನ ಈಪ್ರ್ ಸುತ್ತಮುತ್ತ 1914ರಲ್ಲಿ ಭಾರತದ ಸೈನಿಕರು ಹೋರಾಡಿ ಮಡಿದಿದ್ದರು. ಆ ಸೇವೆಯ ಬಲದಿಂದಲೇ, ಇನ್ನೂ ಬ್ರಿಟಿಷರ ಅಧೀನದಲ್ಲಿದ್ದರೂ, ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಪ್ರತ್ಯೇಕ ಸಹಿ ಬಿದ್ದಿತ್ತು. ಲೋಕದ ವೇದಿಕೆಗಳಲ್ಲಿ ಭಾರತಕ್ಕೆ ತನ್ನದೇ ಕುರ್ಚಿ ಸಿಗಬಹುದೆಂಬ ಮಾತು ಆಗ ಹೊಸದಾಗಿ ಕೇಳಿಬರುತ್ತಿತ್ತು. ದೊರಾಬ್ಜಿ ಆ ಸಂದರ್ಭವನ್ನು ಬಿಡಲಿಲ್ಲ. ಮುಂಬಯಿಯ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರನ್ನು ಜಿಮ್ಖಾನಾಕ್ಕೆ ಕರೆಸಿ, ಓಡುವ ಹುಡುಗರನ್ನು ತೋರಿಸಿ, ಇವರನ್ನು ಆಂಟ್ವರ್ಪ್‌ಗೆ ಕಳಿಸೋಣ ಎಂದರು. ಗವರ್ನರ್ ಒಪ್ಪಿದರು. ಮಾತು ಅವರ ಮೂಲಕ ಲಂಡನ್ ಮುಟ್ಟಿತು, ಭಾರತಕ್ಕೆ ಪ್ರವೇಶ ದೊರೆಯಿತು. ಒಂದು ಸಮಿತಿ ಆಯಿತು, ಆಯ್ಕೆ ಓಟಗಳು ನಡೆದವು. ಕೂಡಿದ ಹಣ ಸಾಲದೇ ಹೋದಾಗ ದೊರಾಬ್ಜಿ ತಮ್ಮ ಜೇಬಿಗೇ ಕೈ ಹಾಕಿದರು.

ಆಯ್ಕೆಯಾದವರು ಆರೇ ಮಂದಿ. ಓಟಕ್ಕೆ ಬಂಗಾಳದ ಪೂರ್ಮಾ ಬ್ಯಾನರ್ಜಿ, ಸದಾಶಿವ ದಾತಾರ್, ಕೈಕಾಡಿ ಮತ್ತು ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಕುಸ್ತಿಗೆ ಕುಮಾರ ನಾವಳೆ ಮತ್ತು ರಣಧೀರ ಶಿಂಧೆ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಲ್ಲಿಯ ಹುಡುಗ ದೊಡ್ಡ ಕೂಟವೊಂದರಲ್ಲಿ ಓಡಬೇಕೆಂದರೆ ನೋಡುತ್ತಿದ್ದುದು ಪುಣೆಯ ದಿಕ್ಕಿಗೇ. ಹಾಗಾಗಿ ಫಡೆಪ್ಪನವರ ಹೆಸರು ಮರಾಠಿಯ ಕ್ರೀಡಾ ಬರಹಗಳಲ್ಲಿ ಸಲೀಸಾಗಿ ಸೇರಿಕೊಂಡಿತು. ಕನ್ನಡದಲ್ಲಿ ನಾವು ಅವರನ್ನು ನೆನೆದದ್ದು ಕಡಿಮೆ. ಆ ಕೊರಗು ನನಗೆ ಬಹಳ ದಿನದಿಂದ ಇದೆ.

1920ರ ಜೂನ್‌ನಲ್ಲಿ ತಂಡ ಮುಂಬಯಿಯಿಂದ ಹಡಗು ಹತ್ತಿತು. ಆಂಟ್ವರ್ಪ್‌ಗೆ ಹೋಗುವ ಮೊದಲು ಇಂಗ್ಲೆಂಡಿನಲ್ಲಿ ಕೆಲವು ವಾರ ತರಬೇತಿ. ಅವರು ಅಲ್ಲಿರುವಾಗಲೇ, ಆಗಸ್ಟ್ 1ರಂದು, ಇತ್ತ ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಗಾಂಧೀಜಿಯವರ ಅಸಹಕಾರ ಚಳವಳಿಗೆ ಚಾಲನೆ ಸಿಕ್ಕಿದ್ದೂ ಅದೇ ದಿನ. ದೇಶದ ಮನಸ್ಸೆಲ್ಲ ಅತ್ತ ಇದ್ದ ಹೊತ್ತಿನಲ್ಲಿ ಈ ಆರು ಮಂದಿ ಸಮುದ್ರದಾಚೆ ಹೊಸ ನೆಲದ ಮೇಲೆ ಕಾಲು ಪಳಗಿಸುತ್ತಿದ್ದರು.

ಆಗಸ್ಟ್ 14ರಂದು ಬೇರ್‌ಶಾಟ್ ಕ್ರೀಡಾಂಗಣದಲ್ಲಿ ಉದ್ಘಾಟನೆ. ಐದು ಉಂಗುರಗಳ ಒಲಿಂಪಿಕ್ ಧ್ವಜ ಒಲಿಂಪಿಕ್ ಕೂಟವೊಂದರಲ್ಲಿ ಮೊದಲ ಸಲ ಹಾರಿದ್ದು ಅಂದೇ. ಕ್ರೀಡಾಪಟುಗಳ ಪ್ರತಿಜ್ಞೆಯನ್ನು ಮೊದಲ ಸಲ ಹೇಳಿದ್ದೂ ಅಂದೇ, ಬೆಲ್ಜಿಯಂನ ವಿಕ್ಟರ್ ಬ್ವಾಂ ಅವರ ಬಾಯಲ್ಲಿ. 29 ದೇಶಗಳು, ಎರಡೂವರೆ ಸಾವಿರಕ್ಕೂ ಮಿಕ್ಕಿದ ಸ್ಪರ್ಧಿಗಳು. ಅವರ ನಡುವೆ ಬ್ರಿಟಿಷ್ ಇಂಡಿಯಾದ ಬಾವುಟ ಹಿಡಿದು ಪೂರ್ಮಾ ಬ್ಯಾನರ್ಜಿ ನಡೆದರು. 100 ಮೀಟರ್ ಮತ್ತು 400 ಮೀಟರ್ ಓಟಗಳಲ್ಲಿ ಅವರು ಮೊದಲ ಸುತ್ತು ದಾಟಲಿಲ್ಲ. ಕುಮಾರ ನಾವಳೆಯವರೂ ಮೊದಲ ಸೆಣಸಾಟದಲ್ಲೇ ಸೋತರು.

ಶಿಂಧೆಯವರ ಕುಸ್ತಿ ಮಾತ್ರ ಬೇರೆಯೇ ದಾರಿ ಹಿಡಿಯಿತು. ಗರಡಿಯ ಮಟ್ಟಿಯಲ್ಲಿ ಆಡಿ ಬೆಳೆದವರಿಗೆ ಚಾಪೆಯ ಮೇಲಿನ ಕುಸ್ತಿ ಬೇರೆ ವಿದ್ಯೆಯೇ ಸರಿ. ಮಣ್ಣಿನಲ್ಲಿ ಕಾಲು ಊರಿ ನಿಲ್ಲುತ್ತದೆ, ಎದುರಾಳಿಯ ಮೈಗೆ ಮಣ್ಣು ಹತ್ತಿ ಹಿಡಿತ ಸಿಗುತ್ತದೆ, ಪಟ್ಟು ಹಾಕಲು ಹೊತ್ತೂ ಇರುತ್ತದೆ. ಚಾಪೆಯ ಮೇಲೆ ಕ್ಷಣ ಮೈಮರೆತರೂ ಆಟ ಮುಗಿದಂತೆ. ಅಂಥ ಅಂಕಣದಲ್ಲಿ ಶಿಂಧೆ ಫೆದರ್‌ವೇಟ್ ಫ್ರೀಸ್ಟೈಲ್ ವಿಭಾಗದ ಸೆಮಿಫೈನಲ್ ಮುಟ್ಟಿದರು. ಅಲ್ಲಿ ಅಮೆರಿಕದ ಸ್ಯಾಮ್ ಗೆರ್ಸನ್ ಎದುರು ಸೋಲು. ಕಂಚಿನ ಪದಕಕ್ಕಾಗಿ ನಡೆದ ಕುಸ್ತಿಯಲ್ಲಿ ಬ್ರಿಟನ್ನಿನ ಫಿಲಿಪ್ ಬರ್ನಾರ್ಡ್ ಎದುರು ಮತ್ತೆ ಸೋಲು. ನಾಲ್ಕನೆಯ ಸ್ಥಾನ. ಆ ಒಂದು ಕುಸ್ತಿ ಈ ಕಡೆ ವಾಲಿದ್ದರೆ ಭಾರತದ ಮೊದಲ ಕುಸ್ತಿ ಪದಕಕ್ಕೆ 1952ರ ಹೆಲ್ಸಿಂಕಿಯವರೆಗೆ, ಖಾಶಾಬಾ ಜಾಧವ್ ಅವರ ಕಂಚಿನವರೆಗೆ, 32 ವರ್ಷ ಕಾಯಬೇಕಿರಲಿಲ್ಲ.

ಇನ್ನು ಮ್ಯಾರಥಾನ್. ಆಗಸ್ಟ್ 22. ಇಂದಿನ 42.195 ಕಿಲೋಮೀಟರ್ ಅಳತೆ ಖಾಯಮ್ಮಾದದ್ದು 1921ರಲ್ಲಿ; ಆಂಟ್ವರ್ಪ್‌ನ ದಾರಿ 42.75 ಕಿಲೋಮೀಟರ್, ಒಲಿಂಪಿಕ್ ಚರಿತ್ರೆಯಲ್ಲೇ ಅತಿ ಉದ್ದದ್ದು. ಕಣದಲ್ಲಿದ್ದವರಲ್ಲಿ ಫಿನ್ಲೆಂಡಿನ ಹಾನೆಸ್ ಕೋಲೆಹ್ಮಾಯ್ನೆನ್ ಒಬ್ಬರು, 1912ರ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದು ಹೆಸರಾದವರು. ಅವರು 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ದಾತಾರ್ ಓಟ ಪೂರೈಸಲಾಗಲಿಲ್ಲ. ಫಡೆಪ್ಪ ಚೌಗುಲೆ ಪೂರೈಸಿದರು: 2 ಗಂಟೆ 50 ನಿಮಿಷ 45.4 ಸೆಕೆಂಡ್, 19ನೆಯ ಸ್ಥಾನ.

19 ಎಂದ ಕೂಡಲೇ ಪುಟ ತಿರುವುವವರು ಒಂದು ಲೆಕ್ಕ ನೋಡಬೇಕು. ಆ ಸಮಯಕ್ಕೆ ಕಿಲೋಮೀಟರಿಗೆ ನಾಲ್ಕು ನಿಮಿಷ ಹಿಡಿಯುತ್ತದೆ, ಅದರಲ್ಲೂ ಕೂದಲೆಳೆಯಷ್ಟು ಕಡಿಮೆಯೇ. ನಿಮ್ಮೂರಿನ 400 ಮೀಟರ್ ಟ್ರ್ಯಾಕಿಗೆ ಒಂದು ಬೆಳಿಗ್ಗೆ ಹೋಗಿ, ಒಂದು ಸುತ್ತನ್ನು 96 ಸೆಕೆಂಡಿನಲ್ಲಿ ಓಡಿ ನೋಡಿ. ಮೈಯಲ್ಲಿ ಕಸುವಿದ್ದರೆ ಎರಡು, ಮೂರು ಸುತ್ತು ಆದೀತು. ಫಡೆಪ್ಪನವರು ಅದೇ ವೇಗದಲ್ಲಿ ಸುಮಾರು 107 ಸುತ್ತಿನಷ್ಟು ದೂರ ಓಡಿದರು, ಅದೂ ನಮ್ಮ ಹಾದಿಯಲ್ಲಲ್ಲ, ಪರದೇಶದ ರಸ್ತೆಯಲ್ಲಿ. ಅದೇ ವೇಗವನ್ನು ಇಂದಿನ ಅಳತೆಗೆ ಇಳಿಸಿದರೆ 2 ಗಂಟೆ 49 ನಿಮಿಷದೊಳಗೆ ಮುಗಿಯುವ ಮ್ಯಾರಥಾನ್. ನೂರು ವರ್ಷ ದಾಟಿದ ಮೇಲೂ, ಬಗೆಬಗೆಯ ಶೂ, ಕೈಗೆ ಕಟ್ಟುವ ಗಡಿಯಾರ, ತರಬೇತಿಯ ಪಟ್ಟಿ ಎಲ್ಲ ಇರುವ ನಮ್ಮ ನಗರಗಳ ಹವ್ಯಾಸಿ ಓಟಗಾರರು ಮೂರು ಗಂಟೆಯ ಗೆರೆಯೊಳಗೆ ಬರಲು ವರ್ಷಗಟ್ಟಲೆ ಹೆಣಗುತ್ತಾರೆ. ಇಂಥ ಓಟವನ್ನು ಸೋಲಿನ ಪಟ್ಟಿಗೆ ಸೇರಿಸುವುದು ಅನ್ಯಾಯ.

ಪದಕವಿಲ್ಲದೆ ಮರಳಿದ ತಂಡದ ಹಿಂದೆಯೇ ಕೆಲಸಗಳು ಒಂದಕ್ಕೊಂದು ಜೋಡಿಸಿಕೊಂಡವು. ದೊರಾಬ್ಜಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಾದರು. ಪುಣೆಯ ಒಂದು ಮೈದಾನದಲ್ಲಿ ಕಣ್ಣಿಗೆ ಬಿದ್ದವರನ್ನು ಕಳಿಸಿದರೆ ಸಾಲದು, ಪ್ರಾಂತ್ಯ ಪ್ರಾಂತ್ಯಗಳಲ್ಲಿ ಹುಡುಕಬೇಕು ಎಂಬುದು ಮನದಟ್ಟಾಯಿತು. ವೈಎಂಸಿಎಯ ನೋಹ್ರೆನ್ ಮತ್ತು ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಬಕ್ ಈ ಕೆಲಸಕ್ಕೆ ಹೆಗಲು ಕೊಟ್ಟರು. 1924ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕೂಟ ನಡೆದು, ಅಲ್ಲಿಂದ ಆರಿಸಿದವರು ಪ್ಯಾರಿಸ್‌ಗೆ ಹೋದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಅದರ ಮೊದಲ ಅಧ್ಯಕ್ಷರು. ಮರುವರ್ಷ ಆಮ್‌ಸ್ಟರ್‌ಡಾಮ್‌ನಲ್ಲಿ ಹಾಕಿ ತಂಡ ಚಿನ್ನ ಗೆದ್ದಿತು. ಆ ಚಿನ್ನದ ಕಥೆಯನ್ನು ನಾವು ಧ್ಯಾನ್ ಚಂದ್ ಅವರಿಂದ ಶುರುಮಾಡುತ್ತೇವೆ. ಶುರುಮಾಡಬೇಕಾದ್ದು ಎಂಟು ವರ್ಷ ಮೊದಲಿನ ಆ ಆರು ಮಂದಿಯಿಂದ.

ಬೆಳಗಾವಿಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಫಡೆಪ್ಪ ಚೌಗುಲೆಯವರ ಒಂದು ಫೋಟೊ, ಒಂದು ಕಾಗದ, ಪತ್ರಿಕೆಯ ಒಂದು ತುಣುಕು ಸಿಕ್ಕರೆ ರದ್ದಿಗೆ ಹಾಕಬೇಡಿ. ಮನೆಯ ಹಿರಿಯರಿಗೆ ಅವರ ಬಗ್ಗೆ ಏನಾದರೂ ನೆನಪಿದ್ದರೆ ಇಂದೇ ಕೂತು ಬರೆದುಕೊಳ್ಳಿ. ಊರಿನ ಗ್ರಂಥಾಲಯಕ್ಕಾಗಲಿ, ಕಾಲೇಜಿಗಾಗಲಿ ಅದರದೊಂದು ಪ್ರತಿ ಕೊಡಿ.