ಹತ್ತಿ ನೆಲದ ಹಾಡಿಗೆ ಟಿಕೆಟ್ ಇಲ್ಲ

ಅಮೆರಿಕದ ಮಿಸಿಸಿಪ್ಪಿ ರಾಜ್ಯಕ್ಕೆ ಪ್ರವಾಸ ಹೋಗಲು ಆಗಸ್ಟ್ ಒಳ್ಳೆಯ ತಿಂಗಳಲ್ಲ. ಬಿಸಿಲು 35 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಗಾಳಿಯ ತೇವಕ್ಕೆ ಅಂಗಿ ಬೆನ್ನಿಗೆ ಅಂಟುತ್ತದೆ, ಹೊತ್ತು ಮುಳುಗಿದರೆ ಸೊಳ್ಳೆಗಳ ಕಾಟ. ಹಾಗಿದ್ದೂ ಆ ತಿಂಗಳ ಎರಡನೇ ವಾರಾಂತ್ಯಕ್ಕೆ ಕ್ಲಾರ್ಕ್ಸ್‌ಡೇಲ್ ಎಂಬ ಸಣ್ಣ ಊರಿನಲ್ಲಿ ಕೋಣೆ ಸಿಗುವುದು ಕಷ್ಟ. ಮಡಚುವ ಕುರ್ಚಿ, ಛತ್ರಿ, ಐಸ್ ತುಂಬಿದ ಡಬ್ಬಿ ಹೊತ್ತು ಸುತ್ತಲಿನ ಹಳ್ಳಿಗಳವರು ಬರುತ್ತಾರೆ. ಕಡಲಾಚೆಯಿಂದ ಬ್ಲೂಸ್ ಸಂಗೀತದ ಹುಚ್ಚು ಹತ್ತಿದವರು ಬರುತ್ತಾರೆ. ಶುಕ್ರವಾರದಿಂದ ಭಾನುವಾರದವರೆಗೆ ಬಯಲಲ್ಲಿ ಹಾಡು. ಇದು ಸನ್‌ಫ್ಲವರ್ ರಿವರ್ ಬ್ಲೂಸ್ ಅಂಡ್ ಗಾಸ್ಪೆಲ್ ಫೆಸ್ಟಿವಲ್. 1988ರಲ್ಲಿ ಶುರುವಾದ ಈ ಉತ್ಸವವನ್ನು ಸ್ವಯಂಸೇವಕರೇ ನಡೆಸುತ್ತ ಬಂದಿದ್ದಾರೆ. ಬಂದು ಕೂತು ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬುದೇ ಇದರ ಹೆಗ್ಗುರುತು.

ಬ್ಲೂಸ್ ಉತ್ಸವಗಳಿಗೇನೂ ಬರವಿಲ್ಲ. ನದಿ ದಂಡೆಯಲ್ಲಿ ನಡೆಯುವವೂ ಹಲವಿವೆ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ವಿಲಾಮೆಟ್ ನದಿಯ ಪಕ್ಕ ಪ್ರತಿ ಜುಲೈನಲ್ಲಿ ನಡೆಯುವ ಉತ್ಸವ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಈ ಹಾಡು ಯಾವ ಮಣ್ಣಿನಿಂದ ಎದ್ದಿತೋ ಆ ಮಣ್ಣಿನ ಮೇಲೆ, ಅದನ್ನು ಕಟ್ಟಿದವರ ಮಕ್ಕಳು ಮೊಮ್ಮಕ್ಕಳ ಪಕ್ಕದಲ್ಲಿ ಕೂತು ಕೇಳಬೇಕೆಂದರೆ ಕ್ಲಾರ್ಕ್ಸ್‌ಡೇಲಿಗೇ ಬರಬೇಕು.

ಸನ್‌ಫ್ಲವರ್ ದೊಡ್ಡ ನದಿಯೇನಲ್ಲ. ಕೆಸರು ಬಣ್ಣದ ನೀರು, ಅವಸರವಿಲ್ಲದ ಹರಿವು. ಊರ ನಡುವೆ ಹಾದು ದಕ್ಷಿಣಕ್ಕೆ ಸಾಗಿ ಯಾಜೂ ನದಿ ಸೇರುತ್ತದೆ, ಅಲ್ಲಿಂದ ಮಿಸಿಸಿಪ್ಪಿಗೆ. ಮಿಸಿಸಿಪ್ಪಿ ಮತ್ತು ಯಾಜೂ ನದಿಗಳ ನಡುವಿನ ಈ ಚಪ್ಪಟೆ ಬಯಲನ್ನು ಅಲ್ಲಿನವರು ಡೆಲ್ಟಾ ಎನ್ನುತ್ತಾರೆ. ಸಾವಿರಾರು ವರ್ಷ ಪ್ರವಾಹಗಳು ತಂದು ಹಾಸಿದ ಮೆಕ್ಕಲು ಮಣ್ಣು, ಹತ್ತಿಗೆ ಹೇಳಿ ಮಾಡಿಸಿದ್ದು. ಈ ಉತ್ಸವದ ಕಥೆ ಹೇಳಬೇಕೆಂದರೆ ಹತ್ತಿಯಿಂದಲೇ ಹೇಳಬೇಕು.

ಈ ಹತ್ತಿಯ ಕಥೆಯಲ್ಲಿ ಧಾರವಾಡದ ಎರೆಮಣ್ಣಿಗೂ ಒಂದು ಪಾಲಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಯುವ ಅನುಭವಿಗಳನ್ನು ಕರೆಸಿ, ಅಲ್ಲಿನ ನ್ಯೂ ಆರ್ಲಿಯನ್ಸ್ ತಳಿಯನ್ನು ಇಲ್ಲಿ ಬಿತ್ತಿಸಿತು. ಅದು ಧಾರವಾಡ ಸೀಮೆಯಲ್ಲಿ ಚೆನ್ನಾಗಿ ನೆಲೆಯೂರಿ, ಧಾರವಾಡ–ಅಮೆರಿಕನ್ ಎಂಬ ಹೆಸರಿನಲ್ಲೇ ಮಾರುಕಟ್ಟೆಗೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರದೇ ಹೋದಾಗ ಇಲ್ಲಿ ಬೆಲೆ ಗಗನಕ್ಕೇರಿತು, ಯುದ್ಧ ಮುಗಿದ ಕೂಡಲೇ ಕುಸಿಯಿತು. ಆ ಯುದ್ಧ ಗುಲಾಮಗಿರಿಯನ್ನು ಕೊನೆಗಾಣಿಸಿತು. ಆದರೆ ಅಲ್ಲಿ ಬಿಡುಗಡೆಯಾದವರ ಕೈಗೆ ನೆಲ ಬರಲಿಲ್ಲ.

ಡೆಲ್ಟಾದ ಕಪ್ಪುವರ್ಣೀಯರು ಬಿಳಿಯ ಜಮೀನ್ದಾರರ ಹೊಲವನ್ನು ಕೋರಿಗೆ ಮಾಡಿದರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವೂ ಜಮೀನ್ದಾರನ ಅಂಗಡಿಯಲ್ಲೇ ಉದ್ರಿ. ಸುಗ್ಗಿ ಮುಗಿದ ಮೇಲೆ ಲೆಕ್ಕ ನೋಡುವವನು ಅವನೇ, ಪುಸ್ತಕವೂ ಅವನದೇ. ವರ್ಷವಿಡೀ ದುಡಿದ ಸಂಸಾರದ ಹೆಸರಿನಲ್ಲಿ ಕೊನೆಗೆ ಉಳಿಯುತ್ತಿದ್ದದ್ದು ಹೆಚ್ಚಾಗಿ ಸಾಲ. ಎದುರು ಮಾತಾಡಿದರೆ ಪ್ರಾಣಕ್ಕೇ ಸಂಚಕಾರ. ಹೇಳಿಕೊಳ್ಳಲಾಗದ್ದನ್ನು ಅವರು ಹಾಡಿಕೊಂಡರು.

ಬ್ಲೂಸ್ ಹಾಡಿನ ಕಟ್ಟು ಸರಳ. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಆಮೇಲೆ ಅದಕ್ಕೆ ಉತ್ತರ ಕೊಡುವ ಮೂರನೇ ಸಾಲು. ಪ್ರತಿ ಸಾಲಿನ ಬಾಲದಲ್ಲಿ ಗಿಟಾರ್ ಮಾತಾಡುತ್ತದೆ. ನಮ್ಮ ಗೀಗೀ ಮೇಳದಲ್ಲಿ ಮುಂದಿನವರು ಹಾಡಿದ್ದಕ್ಕೆ ಹಿಂದಿನವರು ಸೊಲ್ಲು ಕೊಡುವುದನ್ನು ಕೇಳಿದವರಿಗೆ ಈ ಕೊಡುಕೊಳ್ಳುವಿಕೆ ಹೊಸದೆನಿಸಲಾರದು. ಇಲ್ಲಿ ಒಬ್ಬನೇ ಹಾಡುಗಾರ ತನ್ನ ವಾದ್ಯವನ್ನೇ ಹಿಮ್ಮೇಳ ಮಾಡಿಕೊಂಡಿದ್ದಾನೆ. ಕ್ಲಾರ್ಕ್ಸ್‌ಡೇಲಿನಲ್ಲಿ ಬ್ಯಾಂಡ್ ನಡೆಸುತ್ತಿದ್ದ ಡಬ್ಲ್ಯೂ. ಸಿ. ಹ್ಯಾಂಡಿ, 1903ರ ಸುಮಾರಿಗೆ ಹತ್ತಿರದ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬಾತ ಚಾಕುವನ್ನು ತಂತಿಯ ಮೇಲೆ ಜಾರಿಸುತ್ತ ಗಿಟಾರ್ ನುಡಿಸುವುದನ್ನು ಕೇಳಿದ್ದಾಗಿ ಬರೆದಿದ್ದಾರೆ. ಆ ವಾದಕನ ಹೆಸರು ಯಾರಿಗೂ ತಿಳಿದಿಲ್ಲ.

ಹೆಸರು ಉಳಿದವರೂ ಈ ಸುತ್ತಿನಲ್ಲಿ ಸಾಲುಸಾಲಾಗಿದ್ದಾರೆ. ಜಾನ್ ಲೀ ಹೂಕರ್ ಈ ಸೀಮೆಯವರು. ಸ್ಯಾಮ್ ಕುಕ್ ಮತ್ತು ಐಕ್ ಟರ್ನರ್ ಇಬ್ಬರೂ 1931ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಎಲ್ಲರಿಗಿಂತ ದೊಡ್ಡ ಹೆಸರು ಮಡ್ಡಿ ವಾಟರ್ಸ್. ಊರಿನಿಂದ ಕೆಲವೇ ಮೈಲಿ ದೂರದ ಸ್ಟೋವಾಲ್ ಎಸ್ಟೇಟಿನಲ್ಲಿ ಅವರು ಟ್ರ್ಯಾಕ್ಟರ್ ಓಡಿಸುತ್ತಿದ್ದರು. 1941ರ ಆಗಸ್ಟಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೋಮ್ಯಾಕ್ಸ್ ಮತ್ತು ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಧ್ವನಿಮುದ್ರಣ ಯಂತ್ರದೊಂದಿಗೆ ಅವರ ಗುಡಿಸಲಿಗೆ ಬಂದರು. ತನ್ನ ದನಿಯನ್ನು ತಾನೇ ಕೇಳಿದಾಗ ಆ ಟ್ರ್ಯಾಕ್ಟರ್ ಚಾಲಕನಿಗೆ ತಾನೂ ಹಾಡುಗಾರನೆಂಬ ನಂಬಿಕೆ ಹುಟ್ಟಿತು. 1943ರಲ್ಲಿ ಕ್ಲಾರ್ಕ್ಸ್‌ಡೇಲ್ ನಿಲ್ದಾಣದಲ್ಲಿ ರೈಲು ಹತ್ತಿ ಶಿಕಾಗೋಗೆ ಹೊರಟರು. ಅಲ್ಲಿ ಗಿಟಾರಿಗೆ ವಿದ್ಯುತ್ ಸೇರಿತು. ರೋಲಿಂಗ್ ಸ್ಟೋನ್ಸ್ ರಾಕ್ ತಂಡ ತನ್ನ ಹೆಸರನ್ನು ಅವರ ಒಂದು ಹಾಡಿನಿಂದಲೇ ತೆಗೆದುಕೊಂಡಿತು.

ಮಡ್ಡಿ ವಾಟರ್ಸ್ ಹೋದ ಮರುವರ್ಷವೇ ಊರಿನ ಬದುಕನ್ನು ತಲೆಕೆಳಗು ಮಾಡಿದ ಘಟನೆ ನಡೆಯಿತು. 1944ರ ಅಕ್ಟೋಬರಿನಲ್ಲಿ ಊರ ಹೊರಗಿನ ಹಾಪ್ಸನ್ ಎಸ್ಟೇಟಿನಲ್ಲಿ ಹತ್ತಿ ಬಿಡಿಸುವ ಯಂತ್ರಗಳನ್ನು ಜನರೆದುರು ಓಡಿಸಿ ತೋರಿಸಿದರು. ಒಂದು ಯಂತ್ರ ಸುಮಾರು 50 ಜನರ ಕೆಲಸ ಮಾಡಿತು. ಕೈಯಿಂದ ಬಿಡಿಸಿದರೆ ಒಂದು ಬೇಲ್ ಹತ್ತಿಗೆ 39 ಡಾಲರ್ ಖರ್ಚು ಬೀಳುತ್ತಿದ್ದದ್ದು 5 ಡಾಲರ್ ಚಿಲ್ಲರೆಗೆ ಇಳಿಯಿತು. ಜಮೀನ್ದಾರನಿಗೆ ಆಳುಗಳೇ ಬೇಡವಾದರು. ದಕ್ಷಿಣದ ರಾಜ್ಯಗಳಿಂದ ಉತ್ತರಕ್ಕೂ ಪಶ್ಚಿಮಕ್ಕೂ 1910ರಿಂದ 1970ರೊಳಗೆ ಗುಳೆ ಹೋದ ಕಪ್ಪುವರ್ಣೀಯರು ಸುಮಾರು 60 ಲಕ್ಷ. ಹಾಡೂ ಅವರ ಜೊತೆ ಹೋಯಿತು, ಹಾಡಿನಿಂದ ಬರುವ ಹಣವೂ ಅಲ್ಲಿಯೇ ಉಳಿಯಿತು.

ಕ್ಲಾರ್ಕ್ಸ್‌ಡೇಲಿಗೆ ಉಳಿದದ್ದೇನು ಎಂಬುದನ್ನು ಇಂದಿಗೂ ಬೀದಿಯಲ್ಲಿ ನಡೆದು ನೋಡಬಹುದು. ಜನಸಂಖ್ಯೆ 15 ಸಾವಿರಕ್ಕಿಂತ ಕಡಿಮೆ, ಅವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು. ಪೇಟೆಯಲ್ಲಿ ಎಷ್ಟೋ ಅಂಗಡಿಗಳ ಬಾಗಿಲು ಮುಚ್ಚಿದೆ. 1932ರ ಕ್ಲಾರ್ಕ್ಸ್‌ಡೇಲಿನಲ್ಲಿ ನಡೆಯುವ ಕಥೆಯುಳ್ಳ, ರಯನ್ ಕೂಗ್ಲರ್ ಅವರ 'ಸಿನ್ನರ್ಸ್' ಸಿನಿಮಾ 2025ರಲ್ಲಿ ಜಗತ್ತೆಲ್ಲ ಓಡಿದಾಗ ಅದನ್ನು ನೋಡಲು ಈ ಊರಿನಲ್ಲಿ ಒಂದು ಚಿತ್ರಮಂದಿರವೂ ಇರಲಿಲ್ಲ. ಜನರ ಕೋರಿಕೆಗೆ ಓಗೊಟ್ಟು ನಿರ್ದೇಶಕರೇ ಬಂದು, ಊರಿನ ಸಭಾಂಗಣದಲ್ಲಿ ಚಿತ್ರ ತೋರಿಸಿದರು.

ಪ್ರವಾಸಿಗಳು ಮೊದಲು ಓಡುವುದು 61 ಮತ್ತು 49ನೇ ಹೆದ್ದಾರಿಗಳ ಕೂಡುರಸ್ತೆಗೆ. ಅಲ್ಲಿ ಕಂಬದ ಮೇಲೆ ನೀಲಿ ಗಿಟಾರುಗಳನ್ನು ನಿಲ್ಲಿಸಿದ್ದಾರೆ. ರಾಬರ್ಟ್ ಜಾನ್ಸನ್ ಎಂಬ ಗಾಯಕ ನಡುರಾತ್ರಿ ಸೈತಾನನಿಗೆ ಆತ್ಮ ಮಾರಿ ಗಿಟಾರ್ ವಿದ್ಯೆ ಪಡೆದನೆಂಬ ಕಥೆಗೆ ಅದು ಗುರುತು. ಕಥೆ ಸೊಗಸಾಗಿದೆ, ಫೋಟೊ ಚೆನ್ನಾಗಿ ಬರುತ್ತದೆ. ಆದರೆ 27ನೇ ವಯಸ್ಸಿಗೇ ತೀರಿಹೋದ ಒಬ್ಬ ಅಸಾಮಾನ್ಯ ಕಲಾವಿದನ ಸಾಧನೆಯ ಶ್ರೇಯಸ್ಸನ್ನು ಸೈತಾನನಿಗೆ ಕೊಡುವುದು ಅನ್ಯಾಯ. ಆ ವೇಳೆಯನ್ನು ಉಳಿಸಿ ರೈಲ್ವೆ ಹಳಿಯ ಪಕ್ಕದ ಡೆಲ್ಟಾ ಬ್ಲೂಸ್ ಮ್ಯೂಸಿಯಮ್ಮಿನಲ್ಲಿ ಕಳೆಯುವುದು ಮೇಲು. 1979ರಲ್ಲಿ ಊರಿನ ಗ್ರಂಥಪಾಲಕ ಸಿಡ್ ಗ್ರೇವ್ಸ್ ಶುರುಮಾಡಿದ ಈ ಸಂಗ್ರಹ ಈಗ 1918ರ ಹಳೆಯ ಗೂಡ್ಸ್ ಶೆಡ್ಡಿನಲ್ಲಿದೆ. ಮಡ್ಡಿ ವಾಟರ್ಸ್ ವಾಸವಿದ್ದ ಗುಡಿಸಲಿನ ಮರದ ಗೋಡೆಗಳನ್ನು ತಂದು ಒಳಗೆ ನಿಲ್ಲಿಸಿದ್ದಾರೆ. ಒಂದು ಸಂಸಾರ ಎಷ್ಟು ಇಕ್ಕಟ್ಟಿನಲ್ಲಿ ಬದುಕಿತ್ತು ಎಂಬುದು ಅದರೊಳಗೆ ನಿಂತಾಗಲೇ ಗೊತ್ತಾಗುವುದು.

ನದಿಯ ಹತ್ತಿರ ರಿವರ್‌ಸೈಡ್ ಹೋಟೆಲ್ ಇದೆ. ಮೊದಲು ಅದು ಕಪ್ಪುವರ್ಣೀಯರ ಆಸ್ಪತ್ರೆ. 1937ರ ಸೆಪ್ಟೆಂಬರ್ 26ರಂದು, 61ನೇ ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಮಹಾನ್ ಗಾಯಕಿ ಬೆಸ್ಸಿ ಸ್ಮಿತ್ ಕೊನೆಯುಸಿರೆಳೆದದ್ದು ಇಲ್ಲಿ. ಬಿಳಿಯರ ಆಸ್ಪತ್ರೆ ಅವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿತೆಂಬ ಮಾತು ಬಹುಕಾಲ ಓಡಾಡಿತು. ಅದು ನಿಜವಲ್ಲ, ಅವರನ್ನು ನೇರವಾಗಿ ಇಲ್ಲಿಗೇ ತಂದಿದ್ದರು. 1944ರಿಂದ ಅದು ಹೋಟೆಲಾಯಿತು. ಬೇರೆಲ್ಲೂ ಕೋಣೆ ಸಿಗದ ಕಾಲದಲ್ಲಿ ಊರೂರು ತಿರುಗುವ ಕಪ್ಪುವರ್ಣೀಯ ಸಂಗೀತಗಾರರಿಗೆ ಅದೇ ಬಿಡಾರ. 2020ರ ಬಿರುಗಾಳಿಗೆ ಕಟ್ಟಡ ಜಖಂ ಆಯಿತು.

ಉತ್ಸವದ ಮುಖ್ಯ ವೇದಿಕೆ ಕಟ್ಟುವುದು ಮ್ಯೂಸಿಯಮ್ಮಿನ ಪಕ್ಕದ ಬಯಲಲ್ಲಿ. ನದಿ ಅಲ್ಲಿಂದ ನಡಿಗೆಯ ದೂರ. ಹಗಲು ಹೊತ್ತು ಒಂಟಿ ಗಿಟಾರಿನವರು, ಮೌತ್ ಆರ್ಗನ್ನಿನವರು ಅಕೌಸ್ಟಿಕ್ ವೇದಿಕೆಯಲ್ಲಿ. ಸಂಜೆ ಇಳಿದಂತೆ ದೊಡ್ಡ ತಂಡಗಳು ಮುಖ್ಯ ವೇದಿಕೆಗೆ. ಈ ಊರಿನ ಕಲಾವಿದರು ಬಹಳಷ್ಟು ಮಂದಿ ಬೇರೆ ಕಸುಬಿನಿಂದ ಹೊಟ್ಟೆ ಹೊರೆದವರು. ಬಿಗ್ ಜ್ಯಾಕ್ ಜಾನ್ಸನ್ ಎಣ್ಣೆ ಲಾರಿ ಓಡಿಸುತ್ತಿದ್ದರು. ವೇಡ್ ವಾಲ್ಟನ್ ಕ್ಷೌರಿಕರು, ಕತ್ತಿ ಮಸೆಯುವ ಚರ್ಮದ ಪಟ್ಟಿಯ ಮೇಲೆಯೇ ತಾಳ ಹಾಕುತ್ತಿದ್ದರು. 'ಸೂಪರ್ ಚಿಕನ್' ಎಂದೇ ಹೆಸರಾದ ಜೇಮ್ಸ್ ಜಾನ್ಸನ್ ಪೆಟ್ರೋಲ್ ಡಬ್ಬಿಗಳಿಂದ ಗಿಟಾರ್ ಮಾಡಿ, ಅದಕ್ಕೆ ಬಣ್ಣ ಬಳಿದು ನುಡಿಸುತ್ತಾರೆ. ಇದೇ ವೇದಿಕೆಗೆ 2012ರ 25ನೇ ಉತ್ಸವದಲ್ಲಿ ಲೆಡ್ ಜೆಪ್ಪೆಲಿನ್ ರಾಕ್ ತಂಡದ ಖ್ಯಾತಿಯ ರಾಬರ್ಟ್ ಪ್ಲಾಂಟ್ ಬಂದು ಹಾಡಿದರು. ಅಂದೂ ಪ್ರವೇಶಕ್ಕೆ ಹಣ ವಸೂಲಿ ಮಾಡಲಿಲ್ಲ.

ಭಾನುವಾರ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ. ಚರ್ಚಿನ ಹಿರಿಯರು ಬ್ಲೂಸನ್ನು ಸೈತಾನನ ಸಂಗೀತವೆಂದು ದೂರವಿಟ್ಟ ಕಾಲವಿತ್ತು. ಆದರೂ ಶನಿವಾರ ರಾತ್ರಿ ಸಾರಾಯಿ ಅಂಗಡಿಯಲ್ಲಿ ಹಾಡಿದವರು ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಬರುವುದು ಎರಡೂ ಕಡೆಯವರಿಗೆ ಗೊತ್ತಿದ್ದ ಸಂಗತಿಯಾಗಿತ್ತು. ಉತ್ಸವದ ಹೆಸರಿನಲ್ಲೇ ಎರಡನ್ನೂ ಜೊತೆಗಿಟ್ಟದ್ದು ನನಗೆ ಬಹಳ ಹಿಡಿಸಿದೆ. ಅದಕ್ಕೆ ದಾರಿ ಹಾಕಿದವರು ಅರ್ಲಿ ರೈಟ್. 1947ರಲ್ಲಿ ಊರಿನ ಡಬ್ಲ್ಯೂಆರ್‌ಒಎಕ್ಸ್ ರೇಡಿಯೊ ಕೇಂದ್ರಕ್ಕೆ ಸೇರಿದ ಅವರು ಮಿಸಿಸಿಪ್ಪಿಯ ಮೊದಲ ಕಪ್ಪುವರ್ಣೀಯ ನಿರೂಪಕರು. ಬ್ಲೂಸ್ ಹಾಕುವಾಗ 'ಸೋಲ್ ಮ್ಯಾನ್', ಗಾಸ್ಪೆಲ್ ಹಾಕುವಾಗ 'ಬ್ರದರ್ ಅರ್ಲಿ'. ಅರ್ಧ ಶತಮಾನ ಒಬ್ಬರೇ ಎರಡೂ ಹೆಸರಿನಲ್ಲಿ ಮಾತಾಡಿದರು. ಅವರ ಹೆಸರಿನಲ್ಲಿ ಉತ್ಸವ ಒಂದು ಪ್ರಶಸ್ತಿಯನ್ನೂ ಇಟ್ಟಿದೆ.

ಪ್ರವೇಶ ಉಚಿತ ಎಂಬುದಕ್ಕೆ ನಾನು ಇಷ್ಟು ತೂಕ ಕೊಡಲು ಕಾರಣವಿದೆ. ರೈಲ್ವೆ ಹಳಿಯೇ ಈ ಊರಿನಲ್ಲಿ ವರ್ಣದ ಗಡಿಯಾಗಿತ್ತು. 1961ರಲ್ಲಿ ಕ್ರಿಸ್‌ಮಸ್ ಮೆರವಣಿಗೆಯಿಂದ ಕಪ್ಪು ವಿದ್ಯಾರ್ಥಿಗಳ ಬ್ಯಾಂಡುಗಳನ್ನು ಹೊರಗಿಟ್ಟರು. ಸಂಗೀತದಿಂದಲೇ ಜಗತ್ತಿಗೆ ಪರಿಚಯವಾದ ಊರಿನಲ್ಲಿ, ಆ ಸಂಗೀತವನ್ನು ಕೊಟ್ಟವರ ಮಕ್ಕಳಿಗೆ ಪೇಟೆ ಬೀದಿಯಲ್ಲಿ ವಾದ್ಯ ನುಡಿಸುವ ಹಕ್ಕಿರಲಿಲ್ಲ! ಔಷಧಿ ಅಂಗಡಿ ಇಟ್ಟಿದ್ದ ನಾಗರಿಕ ಹಕ್ಕುಗಳ ನಾಯಕ ಆರನ್ ಹೆನ್ರಿ ಅವರ ಮುಂದಾಳುತನದಲ್ಲಿ ಕಪ್ಪುವರ್ಣೀಯರು ಪೇಟೆಯ ಅಂಗಡಿಗಳಲ್ಲಿ ವ್ಯಾಪಾರವನ್ನೇ ನಿಲ್ಲಿಸಿದರು. ಹೆನ್ರಿ ಮತ್ತು ಸಂಗಡಿಗರ ಮೇಲೆ ಮೊಕದ್ದಮೆ ಬಿತ್ತು. 27 ವರ್ಷಗಳ ಬಳಿಕ ಅದೇ ಊರು ಎಲ್ಲರನ್ನೂ ಕರೆದು ಕೂರಿಸುವ ಉತ್ಸವ ಮಾಡಿತು. ಅದಕ್ಕೆ ಬೇಲಿ ಕಟ್ಟಿ ಟಿಕೆಟ್ ಇಟ್ಟಿದ್ದರೆ, ಈ ಬಡ ಊರಿನ ಎಷ್ಟೋ ಜನ ತಮ್ಮದೇ ಹಾಡನ್ನು ಆಚೆ ನಿಂತು ಕೇಳಬೇಕಾಗುತ್ತಿತ್ತು.

ಹಾಡು ಮುಂದಿನವರಿಗೂ ದಾಟುತ್ತಿದೆ. ಮ್ಯೂಸಿಯಮ್ಮಿನಲ್ಲಿ ಊರಿನ ಮಕ್ಕಳಿಗೆ ಹಿರಿಯ ಕಲಾವಿದರೇ ಪಾಠ ಹೇಳುತ್ತಾರೆ. ಅಲ್ಲಿ ಕಲಿತ ಹುಡುಗರಲ್ಲೊಬ್ಬರು 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಾಮ್. 2014ರಲ್ಲಿ, ಹದಿಹರೆಯದಲ್ಲೇ, ಮ್ಯೂಸಿಯಂ ತಂಡದೊಂದಿಗೆ ಶ್ವೇತಭವನದಲ್ಲಿ ನುಡಿಸಿದರು. 2022ರಲ್ಲಿ ಅವರಿಗೆ ಗ್ರ್ಯಾಮಿ ತಂದುಕೊಟ್ಟ ಆಲ್ಬಮ್ಮಿನ ಹೆಸರು '662'. ಅದು ಈ ಸೀಮೆಯ ದೂರವಾಣಿ ಕೋಡ್.

ಹೋಗುವವರಿಗೆ ಕೆಲವು ಮಾತು. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಮೆಂಫಿಸ್, ಅಲ್ಲಿಂದ 61ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 120 ಕಿ.ಮೀ.; ಬಾಡಿಗೆ ಕಾರು ಬೇಕೇ ಬೇಕು. ಆ ವರ್ಷದ ದಿನಾಂಕ ಖಚಿತಪಡಿಸಿಕೊಂಡು ಕೋಣೆಯನ್ನು ತಿಂಗಳುಗಳ ಮೊದಲೇ ಗೊತ್ತುಮಾಡಿ. ಟೋಪಿ, ಕುರ್ಚಿ, ನೀರು, ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಕರಿದ ಮೀನು, ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಟಮಾಲೆ ಊರಲ್ಲೇ ಸಿಗುತ್ತದೆ. ಕಲಾವಿದರು ತಾವೇ ಮಾರುವ ಸಿ.ಡಿ.ಯನ್ನು ಒಂದಾದರೂ ಕೊಳ್ಳಿ, ಆ ಹಣ ನೇರವಾಗಿ ಅವರ ಕೈ ಸೇರುತ್ತದೆ. ಮರಳುವ ವಿಮಾನವನ್ನು ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ. ಗಾಸ್ಪೆಲ್ ಪೂರ್ತಿ ಕೇಳಿ, ಸೋಮವಾರ ಹೊರಡಿ.