ಫ್ಲೆಕ್ಸ್ ಅಂಗಡಿಯಿಂದ ವೆಬ್‌ಸೈಟಿಗೆ: ನಂಬಿಕೆಯೆಷ್ಟು, ನಿಜವೆಷ್ಟು

ರೋಣ, ನರಗುಂದ, ಗಜೇಂದ್ರಗಡದ ಪೇಟೆಗಳಲ್ಲಿ ಡಿಟಿಪಿ, ಝೆರಾಕ್ಸ್, ಫ್ಲೆಕ್ಸ್ ಅಂಗಡಿಗಳಿಗೆ ಬರವಿಲ್ಲ. ಪಿಯುಸಿ ಮುಗಿಸಿದವರು ಅಲ್ಲೇ ಕೂತು ಮದುವೆ ಕಾರ್ಡು, ಜಾತ್ರೆ ಪೋಸ್ಟರು ಮಾಡುತ್ತ ಕಂಪ್ಯೂಟರ್ ಕಲಿಯುತ್ತಾರೆ. ಈಗ ಅದೇ ಅಂಗಡಿಗೆ "ನಮ್ಮ ಸಾಲಿಗೊಂದು ವೆಬ್‌ಸೈಟ್ ಮಾಡಿಕೊಡ್ರಿ" ಎಂದು ಕೇಳಿಕೊಂಡು ಬರುವವರೂ ಇದ್ದಾರೆ. ಕೆಲಸದ ಜೊತೆಗೇ ವೆಬ್ ಕಲಿಯಲು ಇದು ಒಳ್ಳೆಯ ಬಾಗಿಲೇ. ಆದರೆ ಒಳಗೆ ಕಾಲಿಡುವ ಮುಂಚೆ ಕೆಲವು ನಂಬಿಕೆಗಳನ್ನು ಹೊರಗೆ ಬಿಡಬೇಕು.

"ನುಡಿ ಬರ್ತದ, ಕೋರಲ್ ಡ್ರಾ ಬರ್ತದ, ವೆಬ್‌ಸೈಟ್ ಏನು ಮಹಾ?" ಇದು ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ, ನಷ್ಟವೂ ಇದರಿಂದಲೇ ಹೆಚ್ಚು. ಫ್ಲೆಕ್ಸಿನಲ್ಲಿ ಅಕ್ಷರ ಕಣ್ಣಿಗೆ ಸರಿ ಕಂಡರೆ ಕೆಲಸ ಮುಗಿಯಿತು. ವೆಬ್‌ನಲ್ಲಿ ಹಾಗಲ್ಲ. ನುಡಿಯ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅದೇ ಬರಹ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ. ವೆಬ್‌ಗೆ ಬೇಕಾದದ್ದು ಯೂನಿಕೋಡ್. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪುವುದುಂಟು, ಒಮ್ಮೆ ಕೂತು ಓದಲೇಬೇಕು.

ಇನ್ನೊಂದು ಸಂಗತಿ ಇಂಗ್ಲಿಷ್ ಪಾಠದ ವಿಡಿಯೊಗಳಲ್ಲಿ ಬರುವುದೇ ಅಪರೂಪ. ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಿದ್ಧ ವಿನ್ಯಾಸದಲ್ಲಿ ಸಾಲಿನ ಎತ್ತರ 1.2 ಎಂದಿದ್ದು, ಪೆಟ್ಟಿಗೆಯ ಅಳತೆಯೂ ಬಿಗಿಯಾಗಿದ್ದರೆ, "ರಾಷ್ಟ್ರೀಯ" ಎಂದು ಬರೆದಾಗ ಕೆಳಗಿನ ಒತ್ತುಗಳು ಕತ್ತರಿಸಿ ಹೋಗಬಹುದು. ಎತ್ತರವನ್ನು 1.6ರ ಸುತ್ತ ಇಟ್ಟು ಪೆಟ್ಟಿಗೆಯನ್ನು ಸಡಿಲ ಬಿಟ್ಟರೆ ಒತ್ತುಗಳಿಗೆ ಜಾಗ ಸಿಗುತ್ತದೆ. ಶಾಲೆಯ ಹೆಸರೇ ಅರ್ಧ ಕತ್ತರಿಸಿ ಹೋದಾಗ ಹೆಡ್‌ಮಾಸ್ತರರು ಹಿಡಿಯುವ ತಪ್ಪು ಇದು. ಹಿಡಿದದ್ದು ಒಳ್ಳೆಯದೇ.

ಎಂಜಿನಿಯರಿಂಗ್ ಆಗಬೇಕು, ಬೆಂಗಳೂರಿಗೆ ಹೋಗಬೇಕು ಎನ್ನುವವರಿಗೆ ಉತ್ತರ ಚಿಕ್ಕದು. ಐಟಿಐನಲ್ಲಿ ಕೋಪಾ ಎಂಬ ಒಂದು ವರ್ಷದ ಕಂಪ್ಯೂಟರ್ ಕೋರ್ಸಿಗೆ ಎಸ್ಸೆಸ್ಸೆಲ್ಸಿ ಸಾಕು, ವೆಬ್ ಪುಟ ಕಟ್ಟುವ ಪಾಠ ಅದರಲ್ಲೇ ಇದೆ. ಸಾಫ್ಟ್‌ವೇರಿಗೂ ದುಡ್ಡು ಸುರಿಯಬೇಕಿಲ್ಲ. ವೆಬ್ ತಂತ್ರಜ್ಞಾನವನ್ನು ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ 1993ರಲ್ಲೇ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು.

"ಕೆಲಸ ಮಾಡ್ತಾ ಹೋದರ ತಾನಾಗೇ ಬರ್ತದ" ಎಂಬ ಮಾತು ಅರ್ಧ ನಿಜವಾದ್ದರಿಂದಲೇ ಮೋಸ ಮಾಡುತ್ತದೆ. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಮಗ ಮಗ್ಗದ ಮುಂದೆ ಕೂತು ಕಲಿಯುತ್ತಾನೆ, ನಿಜ. ಆದರೆ ಎಳೆ ತಪ್ಪಿದರೆ ಬಿಚ್ಚಿಸಿ ಮತ್ತೆ ನೇಯಿಸುವ ಹಿರಿಯರು ಪಕ್ಕದಲ್ಲೇ ಇರುತ್ತಾರೆ. ತಿದ್ದುವವರಿಲ್ಲದೆ ಹತ್ತು ವೆಬ್‌ಸೈಟ್ ಮಾಡಿದರೂ ಮೊದಲನೆಯದರ ತಪ್ಪು ಹತ್ತನೆಯದರಲ್ಲೂ ಇರುತ್ತದೆ. ಅದೇ ಊರಿನ ಪಟ್ಟೇದ ಅಂಚು ಸೀರೆಗೆ ಒಂದು ಮಾರಾಟದ ಪುಟ ಮಾಡುತ್ತೀರಿ ಎಂದುಕೊಳ್ಳಿ. ಮೊಬೈಲಿನಲ್ಲಿ ತೆಗೆದ ಫೋಟೊ 4-5 ಎಂಬಿ ಇರುತ್ತದೆ. ಇಪ್ಪತ್ತು ಸೀರೆ ಎಂದರೆ ನೂರು ಎಂಬಿಯ ಹತ್ತಿರ. ಅಂಗಡಿಯ ವೈಫೈನಲ್ಲಿ ಪುಟ ತಟ್ಟನೆ ತೆರೆಯುತ್ತದೆ, ಮಾಡಿದವರಿಗೆ ಖುಷಿ. ಸೂಡಿಯ ಕಡೆಯ ಹಳ್ಳಿಯಲ್ಲಿ ಸಿಗ್ನಲ್ ಹುಡುಕುತ್ತ ಕೂತ ಗಿರಾಕಿಗೆ ಬಿಳಿ ಪರದೆ. ಅಗಲ ಕಡಿಮೆ ಮಾಡಿ, ವೆಬ್‌ಪಿ ರೂಪದಲ್ಲಿ ಉಳಿಸಿದರೆ ಪ್ರತಿ ಚಿತ್ರವನ್ನೂ 150 ಕೆಬಿಯ ಆಸುಪಾಸಿಗೆ ತರಬಹುದು, ಸೀರೆಯ ಬಣ್ಣವೂ ಉಳಿಯುತ್ತದೆ. ಬಲ್ಲವರು ಎರಡು ನಿಮಿಷದಲ್ಲಿ ತೋರಿಸಿಕೊಡುವ ಕೆಲಸ ಇದು, ಹೇಳುವವರಿಲ್ಲದಿದ್ದರೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಹಾಗಾಗಿ ಕೆಲಸಕ್ಕೆ ಸೇರುವಾಗ ಕೇಳಬೇಕಾದ ಪ್ರಶ್ನೆ ಒಂದೇ: ನಾನು ಬರೆದ ಕೋಡನ್ನು ಯಾರು ಓದಿ ತಿದ್ದುತ್ತಾರೆ?

"ಕಲಿಯಾಕ ಬಂದವರಿಗೆ ಪಗಾರ ಎಲ್ಲಿಂದ?" ಎಂಬುದು ಮಾಲೀಕರ ಕಡೆಯ ನಂಬಿಕೆ. 1961ರ ಅಪ್ರೆಂಟಿಸ್ ಕಾಯ್ದೆ ಹಾಗೆ ಹೇಳುವುದಿಲ್ಲ. ಕಲಿಯುವವರಿಗೆ ಸ್ಟೈಪೆಂಡ್ ಕೊಡಲೇಬೇಕು, ಕರಾರು ನೋಂದಣಿಯಾಗಬೇಕು. ಅದರ ನಿಯಮಗಳ 2019ರ ತಿದ್ದುಪಡಿಯಲ್ಲಿ ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಇದರ ಕಾಲುಭಾಗವನ್ನು, 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸುತ್ತದೆ. ತೊಡಕು ಇರುವುದು ಬೇರೆ ಕಡೆ. ಕಾಯ್ದೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗೆ ಕಡ್ಡಾಯ, ಸಣ್ಣ ಸಂಸ್ಥೆಗಳಿಗೆ ಐಚ್ಛಿಕ, ನಾಲ್ವರೂ ಇಲ್ಲದ ಕಡೆ ಅದಕ್ಕೆ ಪ್ರವೇಶವೇ ಇಲ್ಲ. ನಮ್ಮ ಪೇಟೆಯ ಇಬ್ಬರ ಅಂಗಡಿ ಈ ಲೆಕ್ಕದ ಹೊರಗೇ ಉಳಿಯಿತು. ಅಲ್ಲಿ ತಿಂಗಳ ಹಣ, ಕಲಿಕೆಯ ಅವಧಿ, ವಾರದ ರಜೆ, ಇಷ್ಟನ್ನು ಒಂದು ಹಾಳೆಯಲ್ಲಾದರೂ ಬರೆಸಿಕೊಳ್ಳುವುದು ವಾಸಿ. ಸಂಕೋಚ ಬೇಡ, ಗುರುತಿನವರ ಅಂಗಡಿಯಲ್ಲಂತೂ ಖಂಡಿತ ಬೇಡ.

ಎಐ ಬಂದ ಮೇಲೆ ಇದನ್ನೆಲ್ಲ ಯಾಕೆ ಕಲಿಯಬೇಕು ಎನ್ನುವವರಿಗೆ: ಅದು ಪುಟ ಕಟ್ಟಿಕೊಡುತ್ತದೆ, ಸರಿ. ಒತ್ತು ಕತ್ತರಿಸಿ ಹೋದದ್ದನ್ನೂ ಸೂಡಿಯ ಬಿಳಿ ಪರದೆಯನ್ನೂ ನೋಡಿ ಸರಿಪಡಿಸಬೇಕಾದವರು ನೀವೇ.

ಇನ್ನು "ಒಮ್ಮೆ ಮಾಡಿಕೊಟ್ಟರ ಮುಗೀತು" ಎಂಬ ಭ್ರಮೆ ಗಿರಾಕಿಗೂ ಇದೆ, ಕಲಿಯುವವರಿಗೂ ಇದೆ. ವೆಬ್‌ಸೈಟಿನ ವಿಳಾಸವಾದ ಡೊಮೇನ್ ಹೆಸರು ಯಾರ ಸ್ವತ್ತೂ ಅಲ್ಲ, ಅವಧಿಯ ಲೆಕ್ಕದಲ್ಲಿ ಸಿಗುವ ಬಾಡಿಗೆ ವಸ್ತು. ನವೀಕರಿಸದಿದ್ದರೆ ಅದನ್ನು ಬೇರೆಯವರೂ ಕೊಳ್ಳಬಹುದು. ಅಂಗಡಿಯವರು ತಮ್ಮ ಇಮೇಲಿನಿಂದ ಕೊಂಡಿದ್ದರೆ, ಅವರು ಊರು ಬಿಟ್ಟ ದಿನ ಶಾಲೆಯ ಹೆಸರಿನ ಬೀಗದ ಕೈಯೂ ಹೋದಂತೆ. ಮೊದಲ ಕೆಲಸದಲ್ಲೇ ಡೊಮೇನನ್ನು ಗಿರಾಕಿಯ ಹೆಸರಿಗೆ, ಗಿರಾಕಿಯ ಇಮೇಲಿಗೆ ಮಾಡಿಸಿ, ನವೀಕರಣದ ತಾರೀಖನ್ನು ಬಿಲ್ಲಿನ ಮೇಲೇ ಬರೆದುಕೊಡಿ.