ಓದಿ ನೋಡಿ ಒಳಗೆ ಕರೆಯಿರಿ

ಆರ್ಚ್ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ಗಣಕಯಂತ್ರದಲ್ಲಿ ಬಳಸುವ ಬಂಧುಗಳು ಒಂದು ಭೇದವನ್ನು ಅರಿತಿರಬೇಕು. ಅಧಿಕೃತ ಭಂಡಾರದ ತಂತ್ರಾಂಶಗಳಿಗೆ ಸಹಿ ಹಾಕಿ ಹೊಣೆ ಹೊರುವವರಿದ್ದಾರೆ. ಬಳಕೆದಾರರ ಭಂಡಾರವಾದ ಏ.ಯು.ಆರ್.ನಲ್ಲಾದರೋ, ಖಾತೆ ತೆರೆದ ಯಾರಾದರೂ ಪ್ಯಾಕೇಜನ್ನು ಇಡಬಹುದು, ಮೊದಲೇ ಪರೀಕ್ಷಿಸುವವರಿಲ್ಲ.

2018ರ ಜುಲೈಯಲ್ಲಿ, ಪಾಲಕರಿಲ್ಲದೆ ಬಿದ್ದಿದ್ದ 'ಆಕ್ರೋರೀಡ್' ಎಂಬ ಹಳೆಯ ಪ್ಯಾಕೇಜನ್ನು ಒಬ್ಬನು ವಹಿಸಿಕೊಂಡು, ಹೊರಗಿನ ತಾಣದಿಂದ ಆಜ್ಞೆಗಳನ್ನು ತಂದು ನಡೆಯಿಸುವ ಸಾಲನ್ನು ಸೇರಿಸಿದನು. 2025ರ ಜುಲೈ 16ರಂದು ಫೈರ್‌ಫಾಕ್ಸ್ ಮೊದಲಾದ ಬ್ರೌಸರುಗಳ ಹೆಸರು ಹೊತ್ತ 3 ಪ್ಯಾಕೇಜುಗಳು ಬಂದವು. ಯಂತ್ರವನ್ನು ದೂರದಿಂದಲೇ ಕೈವಶ ಮಾಡಿಕೊಳ್ಳುವ ಕೇಡು ಅವುಗಳ ಮೂಲಕ ಒಳನುಗ್ಗುತ್ತಿತ್ತು. 2 ದಿನಗಳ ಬಳಿಕ ಅವುಗಳನ್ನು ತೆಗೆದುಹಾಕಲಾಯಿತು. ಹಳೆಯ ಹೆಸರೂ ಕಾಯಲಿಲ್ಲ, ದೊಡ್ಡ ಹೆಸರೂ ಕಾಯಲಿಲ್ಲ.

ಆದರೂ ಎರಡು ಸಲವೂ ಅನ್ಯತಾಣದ ವಿಳಾಸವು ಮುಚ್ಚುಮರೆಯಿಲ್ಲದೆ ಬರೆದಿತ್ತು. ಪ್ರತಿ ಪ್ಯಾಕೇಜಿನೊಡನೆ 'ಪಿಕೆಜಿಬಿಲ್ಡ್' ಎಂಬ ಸಣ್ಣ ಕಡತವಿರುತ್ತದೆ. ಯಾವುದನ್ನು ಎಲ್ಲಿಂದ ತಂದು ಏನು ಮಾಡಬೇಕೆಂಬುದೆಲ್ಲ ಅದರಲ್ಲಿದೆ. ಅದನ್ನು ಮೊದಲು ಓದಿರಿ. 'ಸೋರ್ಸ್' ಎಂಬಲ್ಲಿ ತಯಾರಕರ ಸ್ವಂತ ತಾಣವಲ್ಲದೆ ಅಪರಿಚಿತ ವಿಳಾಸವಿದ್ದರೆ ಅಲ್ಲಿಯೇ ನಿಲ್ಲಿರಿ. ಜೊತೆಗೆ 'ಇನ್‌ಸ್ಟಾಲ್' ಕಡತವಿದ್ದರೆ ಅದನ್ನೂ ನೋಡಿರಿ. ಪಾಲಕರು ಈಚೆಗೆ ಬದಲಾಗಿದ್ದರೆ ಇಮ್ಮಡಿ ಎಚ್ಚರ ಬೇಕು. 'ಮೇಕ್‌ಪಿಕೆಜಿ'ಯನ್ನು ರೂಟ್ ಅಧಿಕಾರದಿಂದ ನಡೆಯಿಸಲಾಗದು. ಹೊಸ ಆವೃತ್ತಿ ಬಂದಾಗಲೆಲ್ಲ ಬದಲಾದ ಸಾಲುಗಳನ್ನು ಓದತಕ್ಕದ್ದು.

ಊರಿಗೆ ಹಣ ಕಳುಹಿಸುವ ಬ್ಯಾಂಕಿನ ಗುಪ್ತಪದವೂ ಅದೇ ಯಂತ್ರದಲ್ಲಿರುವುದಷ್ಟೆ? ಅಕ್ಕಿಯ ಮೂಟೆಯನ್ನು ಬಿಚ್ಚಿ ನೋಡದೆ ಅನ್ನಕ್ಕಿಡುವ ಅಡಿಗೆಯವರು ನಮ್ಮಲ್ಲಿಲ್ಲ. ಆ ಜಾಗರೂಕತೆಯೇ ಇಲ್ಲಿಯೂ ಸಾಕು.